ಫೋಟೊ ತಿದ್ದುವ ಲ್ಯಾಪ್‌ಟಾಪ್, ಫೋಟೊ ಕಾಯುವ ಡಿಸ್ಕ್

1991ರಲ್ಲಿ ಕೊಡ್ಯಾಕ್ ಕಂಪನಿ ಮಾರುಕಟ್ಟೆಗೆ ತಂದ ಡಿಸಿಎಸ್ ಕ್ಯಾಮೆರಾದೊಳಗೆ ಚಿತ್ರ ಉಳಿಸಿಡಲು ಜಾಗವೇ ಇರಲಿಲ್ಲ. ನಿಕಾನ್ ಎಫ್3 ಕ್ಯಾಮೆರಾಕ್ಕೆ 13 ಲಕ್ಷ ಪಿಕ್ಸೆಲ್‌ಗಳ ಸೆನ್ಸರ್ ಜೋಡಿಸಿ, ಕೇಬಲ್ ಮೂಲಕ ಅದನ್ನು ಹೆಗಲಿಗೆ ನೇತುಹಾಕಿಕೊಳ್ಳುವ ಪೆಟ್ಟಿಗೆಯೊಂದಕ್ಕೆ ಸೇರಿಸಿದ್ದರು. ಪೆಟ್ಟಿಗೆಯಲ್ಲಿದ್ದದ್ದು 200 ಎಂಬಿ ಹಾರ್ಡ್‌ಡಿಸ್ಕ್. ಕುಗ್ಗಿಸದೆ ಇಟ್ಟರೆ ಅದರಲ್ಲಿ 156 ಚಿತ್ರ ಹಿಡಿಸುತ್ತಿದ್ದವು. ಡಿಜಿಟಲ್ ಎಸ್‌ಎಲ್‌ಆರ್ ಮಾರಾಟಕ್ಕೆ ಬಂದದ್ದೇ ಹೊರಗಿನ ಡಿಸ್ಕ್‌ನ ಜೊತೆಯಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 1990ರ ಫೆಬ್ರವರಿಯಲ್ಲಿ, ಥಾಮಸ್ ಮತ್ತು ಜಾನ್ ನಾಲ್ ಸೋದರರು ಬರೆದ ಫೋಟೊಶಾಪ್ ಮ್ಯಾಕ್ ಕಂಪ್ಯೂಟರುಗಳಿಗೆ ಬಂದಿತ್ತು.

ಅಲ್ಲಿಂದೀಚೆಗೆ ಫೋಟೊ ಕೆಲಸಕ್ಕೆ ಅಡ್ಡ ನಿಂತ ವಸ್ತು ಕಾಲಕಾಲಕ್ಕೆ ಬದಲಾಗಿದೆ. ಮೊದಲು ಜಾಗ ಸಾಲದಾಯಿತು, ಬಳಿಕ ಮೆಮೊರಿ, ಆಮೇಲೆ ಪರದೆ, ಕೇಬಲ್, ಗ್ರಾಫಿಕ್ಸ್ ಚಿಪ್. ಇಂದು ಲ್ಯಾಪ್‌ಟಾಪ್ ಕೊಳ್ಳುವವರಿಗೆ ಈ ಚರಿತ್ರೆಯಿಂದ ಉಪಯೋಗವಿದೆ. ಇವುಗಳಲ್ಲಿ ಕೆಲವನ್ನು ಆಮೇಲೆ ಹೊರಗಿನಿಂದ ಸೇರಿಸಿಕೊಳ್ಳಬಹುದು, ಕೆಲವನ್ನು ಕೊಳ್ಳುವ ದಿನವೇ ತೀರ್ಮಾನಿಸಬೇಕು.

ಜಾಗದ ಬರ

ತೊಂಬತ್ತರ ದಶಕದ ನಡುವಿನಲ್ಲಿ ಬಂದ 100 ಎಂಬಿಯ ಜಿಪ್ ಡಿಸ್ಕ್, ಅದರ ಬೆನ್ನಿಗೇ ಅಗ್ಗವಾದ 650 ಎಂಬಿಯ ಸಿ.ಡಿ, ಸ್ಕ್ಯಾನ್ ಮಾಡಿದ ಫಿಲ್ಮ್ ಚಿತ್ರಗಳಿಗೆ ಸಾಕಾಗುತ್ತಿದ್ದವು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ 63 ಲಕ್ಷ ಪಿಕ್ಸೆಲ್ ಕೊಟ್ಟಿತು. ಡಿಜಿಟಲ್ ಎಸ್‌ಎಲ್‌ಆರ್ ಹವ್ಯಾಸಿಗಳ ಕೈಗೂ ಬಂತು. 2012ರ ನಿಕಾನ್ ಡಿ800ರಲ್ಲಿ ಪಿಕ್ಸೆಲ್‌ಗಳು 3.6 ಕೋಟಿ ದಾಟಿದವು. ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ರಾ ಫೈಲ್ ಒಂದರ ಗಾತ್ರ ಹತ್ತು ಎಂಬಿಯೊಳಗಿದ್ದದ್ದು ನಲವತ್ತರ ಆಚೆಗೆ ಹೋಯಿತು.

ನಮ್ಮ ಕಡೆಯ ಮದುವೆ ಫೋಟೊಗ್ರಾಫರ್‌ಗಳ ಲೆಕ್ಕದಲ್ಲಿ ನೋಡಿ. ಸಂಜೆಯ ಆರತಕ್ಷತೆಯಿಂದ ಮರುದಿನದ ಧಾರೆ ಮುಗಿಯುವವರೆಗೆ ಮೂರು ಸಾವಿರ ಚಿತ್ರ ತೆಗೆದರೆ, ಚಿತ್ರಕ್ಕೆ 30 ಎಂಬಿಯಂತೆ 90 ಜಿಬಿ. ಇಂಥ ಐದು ಮದುವೆಗಳಿಗೆ 512 ಜಿಬಿಯ ಲ್ಯಾಪ್‌ಟಾಪ್ ಹೆಚ್ಚುಕಡಿಮೆ ತುಂಬಿಹೋಗುತ್ತದೆ. ಆಲ್ಬಮ್ಮಿನ ಜೊತೆ ಸಿ.ಡಿ ಕೊಡುತ್ತಿದ್ದ ಸ್ಟುಡಿಯೊಗಳು ಪೆನ್‌ಡ್ರೈವ್‌ಗೆ ಬಂದದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಟಿಬಿಗಟ್ಟಲೆ ಹಾರ್ಡ್‌ಡಿಸ್ಕ್ ತಂದು ಕಪಾಟಿನಲ್ಲಿ ಹೆಸರು ಬರೆದು ಜೋಡಿಸಿದ್ದು ಈ ಲೆಕ್ಕದಿಂದಲೇ.

ಮೆಮೊರಿ: ಬೆಸುಗೆ ಬಿದ್ದ ತೀರ್ಮಾನ

ಫೈಲು ಡಿಸ್ಕಿನಲ್ಲಿ 30 ಎಂಬಿ ಇದ್ದರೂ ತೆರೆದಾಗ ಹಿಗ್ಗುತ್ತದೆ. 2.4 ಕೋಟಿ ಪಿಕ್ಸೆಲ್‌ಗಳ ಚಿತ್ರವನ್ನು 16 ಬಿಟ್‌ನಲ್ಲಿ ತೆರೆದರೆ, ಪಿಕ್ಸೆಲ್ಲಿಗೆ ಆರು ಬೈಟ್‌ನಂತೆ ಒಂದು ಲೇಯರ್‌ಗೇ 144 ಎಂಬಿ ಬೇಕು. 1994ರ ಮೂರನೇ ಆವೃತ್ತಿಯಲ್ಲಿ ಫೋಟೊಶಾಪ್ ಲೇಯರ್‌ಗಳನ್ನು ತಂದಾಗಿನಿಂದ ಈ ಹಸಿವು ಬೆಳೆಯುತ್ತಲೇ ಇದೆ. 32 ಬಿಟ್ ತಂತ್ರಾಂಶಕ್ಕೆ 4 ಜಿಬಿಗಿಂತ ಹೆಚ್ಚು ಮೆಮೊರಿ ಎಟುಕುತ್ತಿರಲಿಲ್ಲ. 2008ರಲ್ಲಿ ವಿಂಡೋಸ್‌ಗೆ, 2010ರಲ್ಲಿ ಮ್ಯಾಕ್‌ಗೆ 64 ಬಿಟ್ ಫೋಟೊಶಾಪ್ ಬಂದ ಮೇಲೆ ಆ ಗೋಡೆ ಬಿತ್ತು.

ಆ ದಿನಗಳಲ್ಲಿ ಮೆಮೊರಿ ಸಾಲದಿದ್ದರೆ ಹಿಂಬದಿಯ ಸ್ಕ್ರೂ ಬಿಚ್ಚಿ ಇನ್ನೊಂದು ಪಟ್ಟಿ ಸಿಕ್ಕಿಸಿಕೊಳ್ಳುತ್ತಿದ್ದೆವು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ರ‍್ಯಾಮ್ ಬೋರ್ಡಿಗೆ ಬೆಸೆದೇ ಬರುತ್ತದೆ. 2020ರ ಆಪಲ್ ಎಂ1 ನಂತರದ ಮ್ಯಾಕ್‌ಬುಕ್‌ಗಳಲ್ಲಂತೂ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಹಾಗಾಗಿ 8 ಜಿಬಿ ಸಾಕೆಂದು ಕೊಂಡವರಿಗೆ ಎರಡು ವರ್ಷದ ಬಳಿಕ ದಾರಿಯಿಲ್ಲ. ಬಣ್ಣ, ಬೆಳಕು ಸರಿಪಡಿಸುವುದಷ್ಟೇ ಕೆಲಸವಾದರೆ 16 ಜಿಬಿ ಸಾಕು. ಹತ್ತಾರು ಲೇಯರ್‌ಗಳ ಆಲ್ಬಮ್ ವಿನ್ಯಾಸ, ಪನೋರಮಾ ಜೋಡಣೆ, 4 ಕೋಟಿ ದಾಟಿದ ಪಿಕ್ಸೆಲ್‌ಗಳ ಕ್ಯಾಮೆರಾ ಇದ್ದರೆ 32 ಜಿಬಿ.

ಪರದೆ ಮತ್ತು ಗ್ರಾಫಿಕ್ಸ್

ಬಹುಕಾಲ ಲ್ಯಾಪ್‌ಟಾಪ್ ಪರದೆಯನ್ನು ಫೋಟೊಗ್ರಾಫರ್‌ಗಳು ನಂಬುತ್ತಿರಲಿಲ್ಲ. ತಲೆ ಸ್ವಲ್ಪ ಓರೆಯಾದರೆ ಟಿಎನ್ ಪರದೆಯಲ್ಲಿ ಚರ್ಮದ ಬಣ್ಣವೇ ಬೇರೆ ಕಾಣುತ್ತಿತ್ತು. ಐಪಿಎಸ್ ಪರದೆಗಳು ಆ ದೋಷ ನೀಗಿದವು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ 2880×1800 ಪಿಕ್ಸೆಲ್‌ಗಳನ್ನು 15 ಇಂಚಿನಲ್ಲಿ ಕೂರಿಸಿತು; ಅದರೊಳಗೆ ತಿರುಗುವ ಹಾರ್ಡ್‌ಡಿಸ್ಕ್ ಇರಲೇ ಇಲ್ಲ. ಈಗಲೂ ಅಗ್ಗದ ಮಾದರಿಗಳ ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಎಚ್ಚರ ಬೇಕು. 1996ರಿಂದ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಎರಡರಷ್ಟನ್ನು ಮಾತ್ರ ಅಂಥ ಪರದೆ ತೋರಿಸಬಲ್ಲದು. ಕೆಂಪು ರೇಷ್ಮೆ ಸೀರೆ ಮಂಕಾಗಿ ಕಂಡಿತೆಂದು ಬಣ್ಣ ಏರಿಸಿದರೆ ಮುದ್ರಣದಲ್ಲಿ ಕಣ್ಣು ಕುಕ್ಕುತ್ತದೆ. ಪೂರ್ತಿ ಎಸ್‌ಆರ್‌ಜಿಬಿ ಇರಲೇಬೇಕು. ಮೇಜಿನ ಮೇಲೇ ಕೆಲಸ ಮಾಡುವವರು ಒಳ್ಳೆಯ ಮಾನಿಟರ್ ಒಂದನ್ನು ಜೋಡಿಸಿಕೊಂಡು ಈ ಕೊರತೆ ತುಂಬಿಕೊಳ್ಳಬಹುದು.

ಗ್ರಾಫಿಕ್ಸ್ ಚಿಪ್‌ಗೆ ಫೋಟೊ ಕೆಲಸದಲ್ಲಿ ಬಹುದಿನ ದೊಡ್ಡ ಪಾತ್ರವಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್‌ಗೆ, ಕೃತಕ ಬುದ್ಧಿಮತ್ತೆಯಿಂದ ಚಿತ್ರದ ಕಾಳುಕಾಳು (ನಾಯ್ಸ್) ತೆಗೆಯುವ ಡಿನಾಯ್ಸ್ ಸೇರಿದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಕಬಿನಿಯ ಮುಸ್ಸಂಜೆಯಲ್ಲಿ ಐಎಸ್‌ಒ ಏರಿಸಿ ಚಿರತೆಯನ್ನು ತೆಗೆದವರಿಗೆ ಅದು ವರವೇ. ಆದರೆ ಒಂದು ಚಿತ್ರಕ್ಕೆ ಸೆಕೆಂಡುಗಳು ಬೇಕೋ ನಿಮಿಷಗಳು ಬೇಕೋ ಎಂಬುದು ಆ ಚಿಪ್ ಮೇಲೆ ನಿಂತಿದೆ.

ಒಂದೇ ಬಾಯಿ, ಬೇರೆ ಬೇರೆ ವೇಗ

2000ದಲ್ಲಿ ಬಂದ ಯುಎಸ್‌ಬಿ 2.0, ಸೆಕೆಂಡಿಗೆ ಸುಮಾರು 35 ಎಂಬಿಯಂತೆ, ಮೇಲೆ ಹೇಳಿದ 90 ಜಿಬಿ ಸಾಗಿಸಲು ಮುಕ್ಕಾಲು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ. ಯುಎಸ್‌ಬಿ 3.0 ಬಂದ ಮೇಲೆ ಪೋರ್ಟಬಲ್ ಹಾರ್ಡ್‌ಡಿಸ್ಕ್ ಅದನ್ನು ಹನ್ನೆರಡು-ಹದಿಮೂರು ನಿಮಿಷಕ್ಕೆ ಇಳಿಸಿತು. ಸೆಕೆಂಡಿಗೆ 1,000 ಎಂಬಿ ಬರೆಯುವ ಎಸ್‌ಎಸ್‌ಡಿಗೆ ಒಂದೂವರೆ ನಿಮಿಷ ಸಾಕು. ಆದರೆ ಕ್ಯಾಮೆರಾದ ಕಾರ್ಡು ಯುಎಚ್‌ಎಸ್-1 ಬಗೆಯದಾದರೆ ಅದರ ವೇಗವೇ ಸಾಮಾನ್ಯವಾಗಿ ಸೆಕೆಂಡಿಗೆ 100 ಎಂಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಸ್‌ಎಸ್‌ಡಿಗೆ ಕೊಟ್ಟ ದುಡ್ಡು ಆಗ ಕಾರ್ಡಿನ ಬಾಯಲ್ಲೇ ಕಾಯುತ್ತ ಕೂರುತ್ತದೆ.

ಟೈಪ್-ಸಿ ಗೊಂದಲ ಇನ್ನೊಂದು. ನೋಡಲು ಒಂದೇ ಥರದ ಕೇಬಲ್ ಸೆಕೆಂಡಿಗೆ 480 ಮೆಗಾಬಿಟ್‌ನದೂ ಆಗಿರಬಹುದು, 40 ಗಿಗಾಬಿಟ್‌ನದೂ ಆಗಿರಬಹುದು. ಮೊಬೈಲ್ ಚಾರ್ಜರಿನ ಕೇಬಲ್ಲಿಗೆ ದುಬಾರಿ ಎಸ್‌ಎಸ್‌ಡಿ ಸಿಕ್ಕಿಸಿದರೆ 2000ದ ವೇಗಕ್ಕೇ ಮರಳಿದಂತೆ. ಡ್ರೈವ್, ಕೇಬಲ್, ಲ್ಯಾಪ್‌ಟಾಪ್‌ನ ಪೋರ್ಟ್ ಮೂರೂ ಒಂದೇ ವೇಗಕ್ಕೆ ಹೊಂದಬೇಕು. 10 ಗಿಗಾಬಿಟ್ ಫೋಟೊ ಕೆಲಸಕ್ಕೆ ಧಾರಾಳ.

ತಂತ್ರಾಂಶವೂ ಲ್ಯಾಪ್‌ಟಾಪ್ ಮತ್ತು ಹೊರಗಿನ ಡಿಸ್ಕಿನ ಜೋಡಿಗೆ ಹೊಂದಿಕೊಂಡಿತು. 2013ರ ಲೈಟ್‌ರೂಮ್ 5ರಲ್ಲಿ ಬಂದ ಸ್ಮಾರ್ಟ್ ಪ್ರಿವ್ಯೂ ಸೌಲಭ್ಯದಿಂದ, ಹೊರಗಿನ ಡಿಸ್ಕ್ ಮನೆಯಲ್ಲಿದ್ದರೂ ಪ್ರಯಾಣದಲ್ಲಿ ಚಿತ್ರ ತಿದ್ದಬಹುದು. ಚಿತ್ರಗಳ ಪಟ್ಟಿ, ತಿದ್ದುಪಡಿಗಳನ್ನು ಲೈಟ್‌ರೂಮ್ ದಾಖಲಿಸಿಡುವ ಕ್ಯಾಟಲಾಗ್ ಲ್ಯಾಪ್‌ಟಾಪ್‌ನ ಒಳಗಿನ ಎಸ್‌ಎಸ್‌ಡಿಯಲ್ಲಿ, ರಾ ಫೈಲುಗಳು ಹೊರಗೆ ಎಂಬುದು ಈಗ ಒಪ್ಪಿತ ಕ್ರಮ. ಆದರೆ ಕ್ಯಾಟಲಾಗಿನ ಬ್ಯಾಕಪ್‌ನಲ್ಲಿ ತಿದ್ದಿದ ವಿವರಗಳಷ್ಟೇ ಇರುತ್ತವೆ, ಮೂಲ ಚಿತ್ರಗಳಲ್ಲ.

ಎರಡನೇ ಪ್ರತಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಕಂಪ್ಯೂಟರ್ ಲೋಕವೆಲ್ಲ ಇಂದು ಪಠಿಸುವ ಈ 3-2-1 ಸೂತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಡಿಸ್ಕ್ ಕೆಡುವುದು, ಕಳುವಾಗುವುದು, ತಪ್ಪಿ ಅಳಿಸುವುದು, ಮನೆಗೆ ನೀರು ನುಗ್ಗುವುದು ಬೇರೆ ಬೇರೆ ಅಪಾಯಗಳು. ಒಂದೇ ಪ್ರತಿ ಎಲ್ಲವನ್ನೂ ತಾಳದು. ಎರಡು ಡಿಸ್ಕ್‌ಗಳಿಗೆ ಏಕಕಾಲಕ್ಕೆ ಬರೆಯುವ ರೇಡ್ ವ್ಯವಸ್ಥೆ ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆಯೇ ಹೊರತು, ನಾವೇ ಅಳಿಸಿದರೆ ಎರಡೂ ಕಡೆ ಅಳಿಸಿಬಿಡುತ್ತದೆ.

ಎಸ್‌ಎಸ್‌ಡಿ ಕೆಳಗೆ ಬಿದ್ದರೂ ತಾಳುತ್ತದೆ, ಓಡಾಟಕ್ಕೆ ಅದೇ ಲೇಸು. ಆದರೆ ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿದ್ದರೆ ಅದರ ಕೋಶಗಳಲ್ಲಿನ ವಿದ್ಯುದಂಶ ಸೋರುತ್ತದೆ. ದೀರ್ಘಕಾಲದ ದಾಸ್ತಾನಿಗೆ, ಜಿಬಿಗೆ ಬೀಳುವ ಬೆಲೆಯ ದೃಷ್ಟಿಯಿಂದಲೂ, ತಿರುಗುವ ಹಾರ್ಡ್‌ಡಿಸ್ಕ್ ಇನ್ನೂ ಸೋತಿಲ್ಲ.

ಒಟ್ಟಿನಲ್ಲಿ ದುಡ್ಡಿನ ಸರದಿ ಹೀಗಿರಲಿ: ಮೊದಲು ಮೆಮೊರಿ ಮತ್ತು ಪರದೆ, ಏಕೆಂದರೆ ಲ್ಯಾಪ್‌ಟಾಪ್ ಬದಲಿಸದೆ ಅವು ಬದಲಾಗವು. ಡಿನಾಯ್ಸ್ ಥರದ ಕೆಲಸ ಹೆಚ್ಚಿದ್ದರೆ ಗ್ರಾಫಿಕ್ಸ್. ಒಳಗಿನ ಜಾಗ 512 ಜಿಬಿ ಅಥವಾ 1 ಟಿಬಿಗೆ ನಿಲ್ಲಲಿ. ಅದಕ್ಕಿಂತ ಹೆಚ್ಚಿನದಕ್ಕೆ ಕೊಡುವ ಹಣದಲ್ಲಿ ಚಾಲ್ತಿ ಕೆಲಸಕ್ಕೊಂದು 1 ಅಥವಾ 2 ಟಿಬಿ ಎಸ್‌ಎಸ್‌ಡಿ, ಸಂಗ್ರಹಕ್ಕೆ ಒಂದೇ ಗಾತ್ರದ ಎರಡು ಹಾರ್ಡ್‌ಡಿಸ್ಕ್ ಬರುತ್ತವೆ. ಅವುಗಳಲ್ಲೊಂದು ಬೇರೆ ಮನೆಯಲ್ಲಿರಲಿ. ಅಂಗಡಿಗೆ ಹೋಗುವ ಮುನ್ನವೇ ಆ ಎರಡನೇ ಡಿಸ್ಕಿನ ಬೆಲೆಯನ್ನು ಲ್ಯಾಪ್‌ಟಾಪ್‌ನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಅದು ಬಜೆಟ್ ಮೀರಿದರೆ ಕಡಿಮೆ ಮಾಡಬೇಕಾದ್ದು ಪ್ರೊಸೆಸರಿನ ದರ್ಜೆಯನ್ನೇ ಹೊರತು ಆ ಡಿಸ್ಕನ್ನಲ್ಲ.