ಹಬ್ಬದ ಗೆಣ್ಣು

ಸಂಕ್ರಾಂತಿಗೆ ಇನ್ನೆಷ್ಟು ದಿನವೆಂದು ಕೇಳಿದರೆ ನಮ್ಮಜ್ಜಿ ಒಡನೆಯೇ ಉತ್ತರ ಕೊಟ್ಟವಳಲ್ಲ. ಬಲಗೈಯ ಹೆಬ್ಬೆರಳನ್ನು ಕಿರುಬೆರಳಿನ ಬುಡದ ಗೆಣ್ಣಿನ ಮೇಲಿಟ್ಟು, ಅಲ್ಲಿಂದ ಒಂದೊಂದೇ ಗೆಣ್ಣನ್ನು ಮುಟ್ಟುತ್ತ, ಬೆರಳಿಗೆ ಮೂರರಂತೆ ನಾಲ್ಕು ಬೆರಳುಗಳ ಹನ್ನೆರಡನ್ನೂ ದಾಟಿ, ಮತ್ತೆ ಮೊದಲಿಗೆ ಬಂದು, "ಇನ್ನು ಹದಿನಾಲ್ಕು ದಿವಸ ಕಣೋ ಮಗು" ಎನ್ನುವಳು. ಆ ಎಣಿಕೆಯ ಸ್ವಾರಸ್ಯವು ನನ್ನ ಅರಿವಿಗೆ ಬಂದದ್ದು ಎಷ್ಟೋ ವರ್ಷಗಳ ಅನಂತರ, ಸಂಸ್ಕೃತ ಕೋಶದಲ್ಲಿ ಪರ್ವ ಶಬ್ದದ ಅರ್ಥವನ್ನು ಅರಸುತ್ತಿದ್ದಾಗ. ಪರ್ವವೆಂದರೆ ಗೆಣ್ಣು: ಬಿದಿರಿನ ಗೆಣ್ಣು, ಕಬ್ಬಿನ ಗೆಣ್ಣು, ಕೈಬೆರಳಿನ ಗೆಣ್ಣು. ಕಾಲವೆಂಬ ಜಲ್ಲೆಯಲ್ಲಿ ಒಂದು ಭಾಗ ಮುಗಿದು ಇನ್ನೊಂದು ತೊಡಗುವ ಸಂಧಿಯೂ ಪರ್ವವೇ. ಅಮಾವಾಸ್ಯೆ, ಪೂರ್ಣಿಮೆ, ಅಷ್ಟಮಿ, ಚತುರ್ದಶಿಗಳನ್ನು ಪರ್ವಗಳೆಂದು ಗಣಿಸಿದ ಪೂರ್ವಿಕರು ರವಿಸಂಕ್ರಮಣವನ್ನೂ ಅವುಗಳ ಸಾಲಿಗೆ ಸೇರಿಸಿದ್ದಾರೆ. ಅಕ್ಷರವನ್ನು ಅಷ್ಟಾಗಿ ಅರಿಯದ ಅಜ್ಜಿಯು, ತಿಳಿಯದೆಯೇ, ಪರ್ವಗಳ ಮೇಲೆ ಪರ್ವವನ್ನು ಎಣಿಸುತ್ತಿದ್ದಳು.

ಈ ಪರ್ವವೇ ನಮ್ಮ ಹಬ್ಬ. ಕಾವ್ಯವು ಕಬ್ಬವಾದಂತೆ ಪರ್ವವು ಪಬ್ಬವಾಯಿತು. ಪಾಲು ಹಾಲಾಗಿ, ಪೂವು ಹೂವಾಗಿ, ಪುಲಿಯು ಹುಲಿಯಾದ ಕಾಲದಲ್ಲಿ ಪಬ್ಬವೂ ಹಬ್ಬವಾಯಿತು. ಇಂಥ ರೂಪಾಂತರಗಳು ಮನಸ್ಸಿಗೆ ಬಂದಂತೆ ನಡೆಯುವುದಿಲ್ಲ, ಅವುಗಳಿಗೂ ಒಂದು ಕ್ರಮವುಂಟು ಎಂಬುದನ್ನು 13ನೆಯ ಶತಮಾನದಲ್ಲಿಯೇ ಕೇಶಿರಾಜನು ತನ್ನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ನಿರೂಪಿಸಿದ್ದಾನೆ. ತುಳುವರು ಇಂದಿಗೂ ಪರ್ಬ ಎನ್ನುತ್ತಾರೆ. ನಾವು ದಾರಿಯಲ್ಲಿ ಕಳೆದುಕೊಂಡ ಪಕಾರವನ್ನೂ ರೇಫವನ್ನೂ ಅವರು ಜೋಪಾನವಾಗಿ ಇರಿಸಿಕೊಂಡಿದ್ದಾರೆ. ಸಂತೋಷವು ಬಳ್ಳಿಯಂತೆ ಹಬ್ಬುವ ದಿನವಾದ್ದರಿಂದ ಅದು ಹಬ್ಬ ಎಂದು ಹೇಳುವ ಸಹೃದಯರನ್ನು ನಾನು ಬಲ್ಲೆ. ಮಾತು ಸುಂದರವಾಗಿದೆ, ಆದರೆ ಒಪ್ಪತಕ್ಕದ್ದಲ್ಲ. ಹಬ್ಬು ಎಂಬುದು ಹಳಗನ್ನಡದ ಪರ್ಬು, ಅಚ್ಚಕನ್ನಡದ ಧಾತು. ಹಬ್ಬವು ಸಂಸ್ಕೃತದಿಂದ ಇಳಿದು ಬಂದದ್ದು. ಬೇರೆಬೇರೆ ಊರುಗಳಲ್ಲಿ ಹುಟ್ಟಿದ ಇಬ್ಬರು ಒಂದೇ ಹಾದಿಯಲ್ಲಿ ನಡೆದು ಒಂದೇ ಬಣ್ಣದ ಉಡುಪನ್ನು ತೊಟ್ಟು ಬಂದರೆ ನೋಡಿದವರು ಒಡಹುಟ್ಟಿದವರೆಂದು ಭಾವಿಸುವುದು ಸಹಜವೇ. ಹಳಗನ್ನಡದ ಕರ್ಬು ನಮ್ಮ ಬಾಯಲ್ಲಿ ಕಬ್ಬಾದದ್ದೂ ಈ ಹಾದಿಯಲ್ಲಿಯೇ.

ಹಬ್ಬವು ಮನೆಯ ಮಾತಾಗಿ ಬಳಕೆಯಲ್ಲಿ ಸವೆದ ಮೇಲೂ ಪರ್ವವು ತನ್ನ ಗಾಂಭೀರ್ಯವನ್ನು ಬಿಡದೆ ಬೇರೆಯಾಗಿಯೇ ಉಳಿಯಿತು. ಗ್ರಹಣಕ್ಕೆ ಪರ್ವಕಾಲವುಂಟು, ಹಬ್ಬವಿಲ್ಲ. ಮಗುವಿಗೆ ಹುಟ್ಟುಹಬ್ಬವುಂಟು, ಪರ್ವವಿಲ್ಲ. ಮಹಾಭಾರತದ 18 ಪರ್ವಗಳಲ್ಲಿ ಮೊದಲ 10ನ್ನು ಕನ್ನಡಿಸಿದ ಕುಮಾರವ್ಯಾಸನು ಒಂದೊಂದು ಪರ್ವವನ್ನೂ ಸಂಧಿಗಳಾಗಿ ವಿಂಗಡಿಸಿದನಲ್ಲ, ಆ ಸಂಧಿಯೂ ಕೀಲೇ, ಗೆಣ್ಣೇ. ಊರಹಬ್ಬ, ನಾಡಹಬ್ಬ, ಕಣ್ಣಿಗೆ ಹಬ್ಬ ಎಂದು ಈ ಶಬ್ದವು ಎಲ್ಲೆಲ್ಲಿಯೋ ಸುಳಿದಾಡಿದೆ; ಮಾರಿಹಬ್ಬವಂತೂ ತುಂಟ ಹುಡುಗರಿಗೆ ತಾಯಂದಿರು ಹಾಕುವ ಬೆದರಿಕೆಯಾಗಿದೆ. ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದುದು ಹಬ್ಬಹರಿದಿನವೆಂಬ ಜೋಡುನುಡಿ. ಹರಿದಿನವೆಂದರೆ ಏಕಾದಶಿ, ಉಪವಾಸದ ದಿನ. ಉಣ್ಣುವ ದಿನವನ್ನೂ ಉಣ್ಣದ ದಿನವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡೂ ಮನೆಗೆ ಬೇಕಾದ ದಿನಗಳೇ ಎಂದು ಒಪ್ಪಿಕೊಂಡ ಜನರ ಮನೋಧರ್ಮವು ಆ ಆರು ಅಕ್ಷರಗಳಲ್ಲಿದೆ.

ಅಮರಕೋಶವು ಬಿದಿರಿಗೆ ಕೊಡುವ ಹೆಸರುಗಳಲ್ಲಿ ಶತಪರ್ವಾ ಎಂಬುದೊಂದು, ನೂರು ಗೆಣ್ಣುಗಳುಳ್ಳದ್ದು ಎಂದರ್ಥ. ಅದೇ ಬಿದಿರಿಗೆ ವಂಶವೆಂಬ ಹೆಸರೂ ಅದೇ ಸಾಲಿನಲ್ಲಿದೆ. ಕುಲಪರಂಪರೆಗೂ ಬಿದಿರಿಗೂ ಒಂದೇ ಮಾತು. ಬಿದಿರಿನ ಗೆಣ್ಣಿಗೂ ಮನೆಯ ಹಬ್ಬಕ್ಕೂ ಒಂದೇ ಮಾತು. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನಮ್ಮ ಮನೆಯ ಗೆಣ್ಣುಗಳಲ್ಲೆಲ್ಲ ದಪ್ಪನಾದದ್ದು ಸಂಕ್ರಾಂತಿ. ಹಬ್ಬಕ್ಕೆ ಎರಡು ವಾರ ಮೊದಲೇ ನಡುಮನೆಯಲ್ಲಿ ಹಳೆಯ ಪಂಚೆಯನ್ನು ಹಾಸಿ, ಅಜ್ಜಿ ಈಳಿಗೆಮಣೆಯ ಮುಂದೆಯೂ, ಅಮ್ಮನೂ ಅತ್ತೆಯೂ ಅಡಕತ್ತರಿಗಳನ್ನು ಹಿಡಿದು ಅವಳ ಎರಡು ಪಕ್ಕದಲ್ಲಿಯೂ ಕುಳಿತರೆಂದರೆ, ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆಯುವುದು, ಬಿಳಿಯ ತಿರುಳನ್ನು ತೆಳ್ಳಗೆ ಸೀಳಿ ಸಣ್ಣಗೆ ಕತ್ತರಿಸುವುದು, ಅಚ್ಚುಬೆಲ್ಲವನ್ನು ಚೂರು ಮಾಡುವುದು, ಹುರಿದ ಕಡಲೆಕಾಯಿ ಬೀಜವನ್ನು ಉಜ್ಜಿ ಸಿಪ್ಪೆಯನ್ನು ಊದುವುದು, ಇವೆಲ್ಲವೂ ರಾತ್ರಿಯ ಊಟದ ಅನಂತರ ದಿನವೂ ಒಂದೆರಡು ಗಂಟೆಯಂತೆ ಸಾಗುತ್ತಿದ್ದವು. ಸಕ್ಕರೆ ಅಚ್ಚಿನ ದಿನ ಮಾತ್ರ ಮಾತಿಗೆ ಎಡೆಯಿಲ್ಲ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಪಾತ್ರೆಯ ಅಂಚಿಗೆ ತಿಕ್ಕಿತಿಕ್ಕಿ ಬೆಳ್ಳಗಾಗಿಸಿ, ಗಟ್ಟಿಯಾಗುವುದಕ್ಕೆ ಮುನ್ನ ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚುಗಳಿಗೆ ಹೊಯ್ಯಬೇಕಾಗಿದ್ದುದರಿಂದ ಎಲ್ಲರೂ ಉಸಿರು ಬಿಗಿಹಿಡಿದಿರುತ್ತಿದ್ದರು. ಉಳಿದ ರಾತ್ರಿಗಳೆಲ್ಲ ಮಾತಿನ ರಾತ್ರಿಗಳೇ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ಹಬ್ಬದ ದಿನ ಹೇಳುತ್ತೇವೆ. ನಮ್ಮ ಮನೆಯ ಒಳ್ಳೆಯ ಮಾತುಗಳು ಎಳ್ಳು ಸಿದ್ಧವಾಗುವುದಕ್ಕೆ ಮೊದಲೇ ಮುಗಿದಿರುತ್ತಿದ್ದವು.

ಆ ಮಾತಿಗೆ ಆಧಾರವಾಗಿದ್ದುದು ತಾತನ ಪಂಚಾಂಗ. ಒಂಟಿಕೊಪ್ಪಲಿನ ಪಂಚಾಂಗವು ಯುಗಾದಿಗೆ ಬಂದು ನಡುಮನೆಯ ಗೂಡಿನಲ್ಲಿ ಕುಳಿತುಕೊಳ್ಳುತ್ತಿತ್ತು. ತಾತ ಅದರ ಅಂಚುಗಳಲ್ಲಿ ಸೀಸದ ಕಡ್ಡಿಯಿಂದ ಸಣ್ಣದಾಗಿ ಏನನ್ನೋ ಬರೆದಿಡುತ್ತಿದ್ದರು. ವಿಳಂಬಿ ಸಂವತ್ಸರದ್ದು, ಎಂದರೆ 1958–59ರದ್ದು, ಈಗಲೂ ನನ್ನಲ್ಲಿದೆ. ಯುಗಾದಿಯ ಪಕ್ಕದಲ್ಲಿ: ಬಾವಿಯ ಹಗ್ಗ ಬದಲಾಯಿಸಿದ್ದು. ಗೌರೀ ಹಬ್ಬದ ಪಕ್ಕದಲ್ಲಿ: ಮಳೆ ಬಿಡಲಿಲ್ಲ, ಅಕ್ಕ ನಾಲ್ಕು ದಿನ ಹೆಚ್ಚಿಗೆ ನಿಂತಳು. ದೀಪಾವಳಿಯ ಪಕ್ಕದಲ್ಲಿ: ಹಂಡೆಗೆ ಬೆಸುಗೆ, ಒಂದೂವರೆ ರೂಪಾಯಿ. ಸಂಕ್ರಾಂತಿಯ ಪಕ್ಕದಲ್ಲಿ: ಕೆಂದ ಕರು ಹಾಕಿತು, ಹೆಣ್ಣು. ಹಬ್ಬವನ್ನು ಹೇಗೆ ಆಚರಿಸಿದೆವು, ಏನು ಉಂಡೆವು ಎಂಬುದರ ಸೊಲ್ಲೇ ಇಲ್ಲ. ಬಹುಕಾಲ ಇದು ನನಗೆ ಒಗಟಾಗಿತ್ತು. ಕಡೆಗೆ ಹೊಳೆದ ಸಮಾಧಾನ ಇಷ್ಟೇ: ತಾತ ಪಂಚಾಂಗವನ್ನು ಗೂಡಿನಿಂದ ತೆಗೆಯುತ್ತಿದ್ದುದು ತಿಥಿಯನ್ನು ನೋಡುವುದಕ್ಕಾಗಿ, ಹಬ್ಬ ಬಂದಾಗ. ಕೈಗೆ ಪುಸ್ತಕ ಬಂದಾಗ, ಅದರ ಹಿಂದಿನ ಹತ್ತಿಪ್ಪತ್ತು ದಿನಗಳಲ್ಲಿ ನಡೆದ ಸಾಮಾನ್ಯ ಸಂಗತಿಗಳು ಆ ಅಂಚನ್ನು ಸೇರಿಕೊಳ್ಳುತ್ತಿದ್ದವು. ಹಗ್ಗ ಹರಿದ ದಿನಕ್ಕೆ ತನ್ನದೆಂಬ ಹೆಸರಿಲ್ಲ; ಅದು ಯುಗಾದಿಯ ಬೆನ್ನಿಗೆ ಅಂಟಿಕೊಂಡೇ 60 ವರ್ಷ ಬದುಕಬೇಕಾಯಿತು.

ತಾತ ಬರೆದುದನ್ನು ಅಜ್ಜಿ ಬಾಯಲ್ಲಿ ಬೆಳೆಸುವಳು. ಕೊಬ್ಬರಿ ಕತ್ತರಿಸುವ ರಾತ್ರಿ ಮಕ್ಕಳಲ್ಲೊಬ್ಬನು ಹಳೆಯ ಪಂಚಾಂಗವನ್ನು ಹಿಡಿದು ಅಂಚಿನ ಬರಹವನ್ನು ಓದಬೇಕು, ಅವಳು ಈಳಿಗೆಯಿಂದ ಕಣ್ಣೆತ್ತದೆ ಮಿಕ್ಕದ್ದನ್ನು ಹೇಳಬೇಕು. ಹಗ್ಗ ಬದಲಾಯಿಸಿದ್ದೇಕೆಂದರೆ ಕೊಡ ಬಾವಿಗೆ ಬಿತ್ತು. ಕೊಡ ಬಿದ್ದದ್ದು ಚಿಕ್ಕಪ್ಪನ ಕೈಯಿಂದ. ಅದನ್ನೆತ್ತಲು ಪಾತಾಳಗರಡಿಯನ್ನು ಎರವಲು ತಂದದ್ದು ಇಂಥವರ ಮನೆಯಿಂದ. ಅವರ ಮನೆಯ ಹುಡುಗಿಯೇ ಇಗೋ ಇಲ್ಲಿ ಕೂತು ಬೆಲ್ಲ ಕುಟ್ಟುತ್ತಿರುವ ನಿಮ್ಮ ಚಿಕ್ಕಮ್ಮ. ಹೀಗೆ ಅಂಚಿನ ಮೂರು ಪದಗಳಿಂದ ಒಂದು ಸಂಸಾರ ಎದ್ದು ಬರುತ್ತಿತ್ತು. ನಮ್ಮ ಹೆಂಗಸರ ಕಾಲಗಣನೆಯೂ ಇದೇ ರೀತಿಯದು. ನಾನು ಮೊದಲು ಹೆಜ್ಜೆಯಿಟ್ಟ ತಾರೀಖು ಅಮ್ಮನಿಗೆ ತಿಳಿಯದು, ಆದರೆ ಅದು ವರಮಹಾಲಕ್ಷ್ಮಿಯ ಮಾರನೆಯ ದಿನ, ಕಳಸದ ತೆಂಗಿನಕಾಯಿ ಒಡೆಯುವಾಗ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಅಜ್ಜಿಯ ತವರು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಕಬ್ಬನ್ನೇ ನೆಚ್ಚಿದ ಸೀಮೆ. ಅಲ್ಲಿಂದ ಸಂಕ್ರಾಂತಿಗೆ ಜಲ್ಲೆಗಳ ಕಟ್ಟು ಬರುತ್ತಿತ್ತು. ಜಲ್ಲೆಯನ್ನು ಸಿಗಿದು ತಿನ್ನುವ ನಾವು ಗೆಣ್ಣನ್ನು ಕಚ್ಚಿ ಎಸೆಯುತ್ತಿದ್ದೆವು: ಗಟ್ಟಿ, ರಸ ಕಡಿಮೆ, ಹಲ್ಲಿಗೆ ನೋವು. ಒಮ್ಮೆ ಅಜ್ಜಿಯ ತಮ್ಮ, ತೋರವಾದ ಕೈಗಳ ಬೇಸಾಯಗಾರ, ನಾನು ಎಸೆದ ಗೆಣ್ಣನ್ನು ಎತ್ತಿಕೊಂಡು ಅದರ ಪಕ್ಕದ ಮೊಳಕೆಯ ಚುಕ್ಕೆಯನ್ನು ಉಗುರಿನಿಂದ ತೋರಿಸಿ, "ಇದು ಕಬ್ಬಿನ ಕಣ್ಣು ಕಣಪ್ಪ. ಸಿಹಿಯೆಲ್ಲ ನಡುವೆ ಇರಬಹುದು, ಆದರೆ ನಡುವಿನ ತುಂಡನ್ನು ಹೂತರೆ ಕೊಳೆಯುತ್ತೆ. ಗೆಣ್ಣು ಹೂತರೆ ಕಬ್ಬಾಗುತ್ತೆ" ಎಂದರು. ಬಿತ್ತನೆಗೆ ಎರಡು ಕಣ್ಣಿನ, ಮೂರು ಕಣ್ಣಿನ ತುಂಡುಗಳನ್ನು ಕಡಿದು ಸಾಲಿನಲ್ಲಿ ಮಲಗಿಸುವುದನ್ನು ಮುಂದೆ ನಾನೇ ಕಂಡೆ. ದಿನಗಳ ಸವಿಯೆಲ್ಲ ಹಬ್ಬಗಳ ನಡುವಣ ನೀಳವಾದ ಭಾಗದಲ್ಲಿಯೇ ಇದ್ದಿರಬಹುದು. ಹಬ್ಬದ ದಿನವಾದರೋ ಹೊಗೆ, ದಣಿವು, ಮಡಿಯ ಗಡಿಬಿಡಿ, ಮಕ್ಕಳ ಅಳು. ಆದರೂ ಅದರ ಮೈಯಲ್ಲೇ ಆ ಕಣ್ಣು ಇದೆ. ಇಂದು ತಂಗಿಯ ಮಗಳು ದೂರದ ಊರಿನಿಂದ ಫೋನಿನಲ್ಲಿ ನೂರಾರು ಚಿತ್ರಗಳನ್ನು ಕಳಿಸುತ್ತಾಳೆ. ನಾನು ಎಲ್ಲವನ್ನೂ ಪ್ರೀತಿಯಿಂದ ನೋಡುತ್ತೇನೆ. ಆದರೆ "ಮಾವ, ಬಾವಿಯ ಹಗ್ಗದ ಕಥೆ ಹೇಳು" ಎಂದು ಅವಳು ಕೇಳುವುದು ಸಂಕ್ರಾಂತಿಗೆ ಬಂದು ಪಂಚೆಯ ಮೇಲೆ ಕುಳಿತಾಗ ಮಾತ್ರ.

ವಿಳಂಬಿಯು ಮತ್ತೆ 2018ರಲ್ಲಿ ಬಂದಿತು. ಆ ವರ್ಷದ ಸಂಕ್ರಾಂತಿಗೆ ಅಮ್ಮ ಎರಡು ವಿಳಂಬಿಗಳನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟು, ತಾತನ ಕರು ಹುಟ್ಟಿದ ಸಾಲಿಗೆ ಎದುರಾಗಿ ಹೊಸದರ ಅಂಚಿನಲ್ಲಿ, ಗ್ಯಾಸಿನ ಒಲೆಯ ಬಲಗಡೆಯ ಉರಿ ಸರಿಯಾಯಿತು ಎಂದು ತನ್ನ ದುಂಡಗಿನ ಅಕ್ಷರಗಳಲ್ಲಿ ಬರೆದಳು. ಶಾರ್ವರಿಯ ಕೊನೆಯಲ್ಲಿ ಅವಳು ತೀರಿಕೊಂಡಳು. ಹಿರಿಯರು ಹೋದ ಮನೆಯಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ಯಾರಾದರೂ ಕೇಳಿದರೆ ಈ ವರ್ಷ ನಮಗೆ ಹಬ್ಬವಿಲ್ಲ ಎಂದಷ್ಟೇ ಹೇಳುತ್ತೇವೆ, ಕೇಳಿದವರು ಮತ್ತೇನನ್ನೂ ಕೇಳದೆ ತಲೆ ತಗ್ಗಿಸುತ್ತಾರೆ. ಈ ಶಬ್ದದ ಪ್ರಯೋಗಗಳಲ್ಲಿ ಇಷ್ಟು ಭಾರವಾದುದು ಇನ್ನೊಂದಿಲ್ಲ. ಪ್ಲವ ಸಂವತ್ಸರದ ಪಂಚಾಂಗವು ಯಾರೂ ತೆಗೆಯದೆ ಗೂಡಿನಲ್ಲಿಯೇ ಉಳಿಯಿತು. ಅದರ ಅಂಚುಗಳು ಬರಿದಾಗಿವೆ. ಆ ವರ್ಷ ನಾನು ಯಾವ ಕಾಯಿಲೆಯಲ್ಲಿ ಮಲಗಿದೆ, ಹಿತ್ತಲ ನುಗ್ಗೆಯ ಮರ ಯಾವಾಗ ಉರುಳಿತು, ನೆರೆಮನೆಯವರು ಯಾವ ತಿಂಗಳಲ್ಲಿ ಮನೆ ಬದಲಾಯಿಸಿದರು, ಒಂದನ್ನೂ ಈಗ ಹೇಳಲಾರೆ.

ಮುಂದಿನದು ಶುಭಕೃತ್. 2023ರ ಸಂಕ್ರಾಂತಿಗೆ ಹತ್ತು ದಿನವಿರುವಾಗ ಪಂಚೆಯನ್ನು ಹಾಸಿ, ಅಮ್ಮನ ಅಡಕತ್ತರಿಯನ್ನು ತಂಗಿಯೂ ಅಜ್ಜಿಯ ಈಳಿಗೆಮಣೆಯನ್ನು ನಾನೂ ತೆಗೆದುಕೊಂಡೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಂಗಿಯ ಮಗಳು ಎದ್ದುಹೋಗಿ ಗೂಡಿನಿಂದ ಪಂಚಾಂಗವನ್ನೂ ಸೀಸದ ಕಡ್ಡಿಯನ್ನೂ ತಂದು ನನ್ನ ಮುಂದಿಟ್ಟಳು. ಸಂಕ್ರಾಂತಿಯ ಸಾಲಿನ ಪಕ್ಕದಲ್ಲಿ ಬರೆದೆ: ಕೊಬ್ಬರಿ ತೆಳ್ಳಗೆ ಬರಲಿಲ್ಲ, ಈಳಿಗೆಗೆ ಸಾಣೆ ಹಿಡಿಸಬೇಕು.