ಜೊತೆಗಾರ ಬೆಕ್ಕು ತೀರಿಕೊಂಡಾಗ ಉಳಿದ ಬೆಕ್ಕಿನ ಆರೈಕೆ ಹೇಗೆ?

ಮನೆಯಲ್ಲಿದ್ದ ಎರಡು ಬೆಕ್ಕುಗಳಲ್ಲಿ ಒಂದು ತೀರಿಕೊಂಡರೆ, ಉಳಿದ ಬೆಕ್ಕಿಗೆ ಏನಾಗುತ್ತಿದೆ ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಅದು ಮಂಚದ ಕೆಳಗೆ ಸೇರಿಕೊಳ್ಳಬಹುದು, ರಾತ್ರಿಯೆಲ್ಲ ಕೂಗಬಹುದು, ತಟ್ಟೆಯಲ್ಲಿಟ್ಟ ಮೀನನ್ನು ಮೂಸಿ ಹಾಗೇ ಬಿಟ್ಟು ಹೋಗಬಹುದು. ಇವುಗಳಲ್ಲಿ ಹೆಚ್ಚಿನವು ದಿನ ಕಳೆದಂತೆ ತಾವಾಗಿಯೇ ಕಡಿಮೆಯಾಗುತ್ತವೆ. ಆದರೆ ಊಟ ಬಿಟ್ಟರೆ ಮಾತ್ರ ಕಾದು ನೋಡುವಂತಿಲ್ಲ.

ಬೆಕ್ಕಿಗೂ ದುಃಖವಾಗುತ್ತದೆಯೇ?

ಬೆಕ್ಕಿನ ಮನಸ್ಸಿನಲ್ಲಿ ಏನಿದೆ ಎಂದು ಅಳೆಯಲಾಗದು, ಅದರ ನಡವಳಿಕೆ ಬದಲಾಗುವುದನ್ನು ಮಾತ್ರ ಗಮನಿಸಬಹುದು. ಅಮೆರಿಕದ ಮಿಷಿಗನ್ ರಾಜ್ಯದ ಓಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು 412 ಮಂದಿ ಬೆಕ್ಕು ಸಾಕಿದವರನ್ನು ಪ್ರಶ್ನಿಸಿ 2024ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಜೊತೆಗಿದ್ದ ಪ್ರಾಣಿ ಸತ್ತ ಮೇಲೆ ಬೆಕ್ಕುಗಳ ನಿದ್ದೆ, ಊಟ, ಆಟ ಕಡಿಮೆಯಾದವು, ಮನುಷ್ಯರ ಗಮನ ಬಯಸುವುದು ಹೆಚ್ಚಾಯಿತು ಎಂದು ಅದರಲ್ಲಿ ಕಂಡುಬಂತು. ಸತ್ತದ್ದು ಬೆಕ್ಕಲ್ಲದೆ ನಾಯಿಯಾಗಿದ್ದಾಗಲೂ ಇಂಥ ಬದಲಾವಣೆ ಇತ್ತು. ಇದು ಸಾಕಿದವರು ಹೇಳಿದ ಮಾತನ್ನು ಆಧರಿಸಿದ ಅಧ್ಯಯನವಾದ್ದರಿಂದ, ಅವರ ಸ್ವಂತ ದುಃಖವೂ ಉತ್ತರಗಳಲ್ಲಿ ಸೇರಿರಬಹುದು ಎಂಬುದನ್ನು ಸಂಶೋಧಕರೇ ಒಪ್ಪುತ್ತಾರೆ.

ಹಾಗಾಗಿ ಬೆಕ್ಕು ಮಂಕಾಗಿದ್ದರೆ 'ಜೊತೆಗಾರನ ನೆನಪು' ಎಂದು ತಕ್ಷಣ ತೀರ್ಮಾನಿಸಬೇಡಿ. ಮೊದಲ ಬೆಕ್ಕು ಸೋಂಕಿನಿಂದ ಸತ್ತಿದ್ದರೆ ಅದೇ ಸೋಂಕು ಇದಕ್ಕೂ ತಗುಲಿರಬಹುದು. ಸತ್ತ ಕಾರಣವನ್ನು ಪಶುವೈದ್ಯರಿಗೆ ತಪ್ಪದೆ ಹೇಳಿ.

ಊಟ ಬಿಟ್ಟರೆ ಏಕೆ ಅಪಾಯ?

ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ದೇಹದ ಕೊಬ್ಬು ಕರಗಿ ಯಕೃತ್ತಿಗೆ ಹೋಗಿ ತುಂಬಿಕೊಳ್ಳುತ್ತದೆ. ಯಕೃತ್ತು ಅದನ್ನು ನಿಭಾಯಿಸಲಾಗದೆ ಸೋಲುತ್ತದೆ, ಕಾಮಾಲೆ ಕಾಣಿಸಿಕೊಳ್ಳುತ್ತದೆ. ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ದಪ್ಪಗಿರುವ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಚಿಕಿತ್ಸೆ ತಡವಾದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಇಡೀ ಒಂದು ದಿನ, ಅಂದರೆ 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬೇಡಿ.

ಊಟ ಮಾಡಿಸಲು ಹೀಗೆ ಪ್ರಯತ್ನಿಸಿ:

• ಎರಡು ಬೆಕ್ಕುಗಳಿಗೆ ಸೇರಿಸಿ ಇಡುತ್ತಿದ್ದ ಊಟದಲ್ಲಿ ಯಾವುದು ಎಷ್ಟು ತಿನ್ನುತ್ತಿತ್ತು ಎಂದು ತಿಳಿಯುವುದಿಲ್ಲ. ಈಗಿನಿಂದ ಅಳೆದು ಇಡಿ, ಉಳಿದದ್ದನ್ನು ನೋಡಿ.
• ಬೆಕ್ಕು ಮೂಸಿ ನೋಡಿ ತಿನ್ನುವ ಪ್ರಾಣಿ. ವೆಟ್ ಫುಡ್ ಅಥವಾ ಬೇಯಿಸಿದ ಮೀನು, ಕೋಳಿಯನ್ನು ಉಗುರುಬೆಚ್ಚಗೆ ಮಾಡಿದರೆ ವಾಸನೆ ಹೆಚ್ಚುತ್ತದೆ. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿ.
• ನಮ್ಮ ಸಾರಿನ ತುಂಡು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಮೂಳೆ, ಉಪ್ಪು, ಮಸಾಲೆ ಇಲ್ಲದೆ ಬೇಯಿಸಿ.
• ಬಾಯಿ ಬಿಡಿಸಿ ತುರುಕಬೇಡಿ. ಆಹಾರ ಶ್ವಾಸನಾಳಕ್ಕೆ ಹೋಗಬಹುದು, ಊಟವೆಂದರೇ ಬೆಕ್ಕು ಹೆದರಬಹುದು.
• ವಾರಕ್ಕೊಮ್ಮೆ ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಸಾಕು. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದು ಹತ್ತನೇ ಒಂದು ಭಾಗ.

ಮನೆಯಲ್ಲಿ ಏನು ಮಾಡಬೇಕು?

ದಿನಚರಿ ಬದಲಿಸಬೇಡಿ. ಊಟ, ಆಟ, ಲಿಟರ್ ಟ್ರೇ ಸ್ವಚ್ಛ ಮಾಡುವ ಹೊತ್ತು ಮೊದಲಿನಂತೆಯೇ ಇರಲಿ. ದಿನಕ್ಕೆ ಎರಡು ಬಾರಿ ಹತ್ತು ನಿಮಿಷ ದಾರ, ಗರಿ ಹಿಡಿದು ಆಡಿಸಿ, ಆಟ ಮುಗಿದ ಮೇಲೆ ದಾರ ಎತ್ತಿಡಿ. ಹತ್ತಿರ ಬಂದರೆ ಸವರಿ, ಅಡಗಿಕೊಂಡರೆ ಎಳೆದು ತರಬೇಡಿ.

ಸತ್ತ ಬೆಕ್ಕಿನ ಹಾಸಿಗೆ, ಬಟ್ಟೆಗಳನ್ನು ಒಂದೇ ದಿನ ತೊಳೆದು ಎಸೆಯುವ ಅಗತ್ಯವಿಲ್ಲ. ಪರಿಚಿತ ವಾಸನೆ ಉಳಿದರೆ ಬೆಕ್ಕಿಗೆ ಮನೆ ಹೊಸದೆನಿಸುವುದಿಲ್ಲ. ಸೋಂಕಿನಿಂದ ಸತ್ತಿದ್ದರೆ ಮಾತ್ರ ಬೇರೆ ಮಾತು: ಯಾವುದನ್ನು ಎಸೆಯಬೇಕು, ಯಾವ ದ್ರಾವಣದಿಂದ ನೆಲ ಒರೆಸಬೇಕು ಎಂದು ವೈದ್ಯರನ್ನೇ ಕೇಳಿ.

ಕೆಲವು ಬೆಕ್ಕುಗಳು ಜೊತೆಗಾರನನ್ನು ಹುಡುಕುತ್ತಾ ಬಾಗಿಲು, ಕಿಟಕಿಗಳ ಬಳಿ ಸುಳಿದಾಡುತ್ತವೆ. ಎತ್ತರದ ಫ್ಲ್ಯಾಟ್‌ಗಳಲ್ಲಿ ಇದು ಅಪಾಯ. ಬಾಲ್ಕನಿಗೆ ಬಲೆ ಬಿಗಿಸಿ, ಬಾಗಿಲು ತೆರೆಯುವಾಗ ಎಚ್ಚರವಿರಲಿ.

ತಕ್ಷಣ ಆಸ್ಪತ್ರೆಗೆ ಯಾವಾಗ?

• ಗಂಡು ಬೆಕ್ಕು ಲಿಟರ್ ಟ್ರೇಯಲ್ಲಿ ಪದೇ ಪದೇ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ. ಮಾನಸಿಕ ಒತ್ತಡವೂ ಮೂತ್ರಕೋಶದ ಉರಿಯೂತಕ್ಕೆ ಕಾರಣವಾಗಬಹುದು. ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ.
• ಒಸಡು, ಕಣ್ಣಿನ ಬಿಳಿಭಾಗ ಅಥವಾ ಕಿವಿಯ ಒಳಭಾಗ ಹಳದಿಯಾದರೆ.
• ಪದೇ ಪದೇ ವಾಂತಿ, ಉಸಿರಾಟದ ತೊಂದರೆ ಅಥವಾ ಏಳಲಾರದಷ್ಟು ಸುಸ್ತು ಇದ್ದರೆ.

ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಕೊಡಲೇಬೇಡಿ. ಒಂದೇ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಊಟ ಮಾಡುತ್ತಿದ್ದರೂ ಎರಡು ವಾರಗಳ ನಂತರ ಮಂಕುತನ ಹೆಚ್ಚುತ್ತಲೇ ಇದ್ದರೆ ಒಮ್ಮೆ ತೋರಿಸಿ.

ಹೊಸ ಬೆಕ್ಕು ತರಬಹುದೇ?

ಆತುರ ಬೇಡ. ಬೆಕ್ಕಿಗೆ ತನ್ನ ಜಾಗ ಮುಖ್ಯ. ಅಪರಿಚಿತ ಬೆಕ್ಕು ಬಂದರೆ ಸಮಾಧಾನದ ಬದಲು ಒತ್ತಡವೇ ಹೆಚ್ಚಬಹುದು. ಉಳಿದ ಬೆಕ್ಕು ಸರಿಯಾಗಿ ಊಟ ಮಾಡಿ ಆಡತೊಡಗಿದ ಮೇಲೆ ಯೋಚಿಸಿ. ಒಂಟಿಯಾಗಿರುವುದನ್ನೇ ಇಷ್ಟಪಡುವ ಬೆಕ್ಕುಗಳೂ ಇವೆ. ಮೊದಲ ಬೆಕ್ಕು ಪ್ಯಾನ್‌ಲ್ಯುಕೋಪೀನಿಯಾದಿಂದ ಸತ್ತಿದ್ದರೆ ಆ ವೈರಸ್ ಮನೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಹಾಗಾಗಿ ಲಸಿಕೆ ಪೂರ್ಣವಾಗದ ಮರಿಯನ್ನು ತರಬೇಡಿ. ತಂದರೂ ಮೊದಲು ಬೇರೆ ಕೋಣೆಯಲ್ಲಿಟ್ಟು, ಬಟ್ಟೆಯ ಮೂಲಕ ಒಂದರ ವಾಸನೆ ಇನ್ನೊಂದಕ್ಕೆ ಪರಿಚಯಿಸಿ, ಆಮೇಲೆ ಭೇಟಿ ಮಾಡಿಸಿ.

ನಿಮಗೂ ದುಃಖವಿರುವ ಹೊತ್ತಿದು, ಕೆಲವೊಮ್ಮೆ ಬೆಕ್ಕಿನ ತಟ್ಟೆ ನೋಡುವುದು ಮರೆಯಬಹುದು. ಯಾವ ಹೊತ್ತಿಗೆ ಎಷ್ಟು ತಿಂದಿತು ಎಂದು ಮನೆಯವರಲ್ಲಿ ಒಬ್ಬರು ಕ್ಯಾಲೆಂಡರ್ ಮೇಲೆ ಬರೆದಿಡಲಿ. ವೈದ್ಯರು ಮೊದಲು ಕೇಳುವುದೂ ಅದನ್ನೇ.