ರಾಯಗಿರಿಯಿಂದ ಹುಸೇನ್ ಸಾಗರಕ್ಕೆ

ಹೈದರಾಬಾದಿಗೆ ನೆಂಟರು ಬಂದರೆ ಹುಸೇನ್ ಸಾಗರದ ಬುದ್ಧನನ್ನು ತೋರಿಸುವುದು ನಮ್ಮಲ್ಲಿ ವಾಡಿಕೆ. ಹಾಗೆ ನಾನೂ ನಾಲ್ಕೈದು ಸಲ ದೋಣಿ ಹತ್ತಿದ್ದೇನೆ. ಕಳೆದ ತಿಂಗಳು ಮಾತ್ರ ಒಬ್ಬಳೇ ಹೊರಟೆ. ಮೊದಲು ಆ ಕಲ್ಲು ಹುಟ್ಟಿದ ಊರು, ಆಮೇಲೆ ಕೆರೆ.

ಬೆಳಿಗ್ಗೆ ಸಿಕಂದರಾಬಾದಿನಿಂದ ಕಾಜಿಪೇಟೆ ಕಡೆಯ ಪ್ಯಾಸೆಂಜರ್ ಹಿಡಿದೆ. ಘಟಕೇಸರ, ಬೀಬಿನಗರ ದಾಟಿದರೆ ಭುವನಗಿರಿ: ಮೊಟ್ಟೆಯಂತೆ ನುಣುಪಾದ ಒಂದೇ ಬಂಡೆಯ ಬೆಟ್ಟ, ನೆತ್ತಿಯ ಮೇಲೆ ಕೋಟೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಕಟ್ಟಿಸಿದ್ದು ಎನ್ನುತ್ತಾರೆ. ಅವನ ಬಿರುದು ತ್ರಿಭುವನಮಲ್ಲ, ಹಾಗಾಗಿ ತ್ರಿಭುವನಗಿರಿ. ಜನರ ಬಾಯಲ್ಲಿ ಸವೆದು ಈಗ ಭೋಂಗೀರ್.

ಮುಂದಿನ ಸ್ಟೇಷನ್ನೇ ರಾಯಗಿರಿ. ನೋಡಲು ಅಂಥದ್ದೇನಿಲ್ಲ. ಚಹಾದಂಗಡಿಯ ತಾತನನ್ನು ಬುದ್ಧನ ಕಲ್ಲು ಎಲ್ಲಿಯದೆಂದು ಕೇಳಿದರೆ ಗುಡ್ಡಗಳತ್ತ ಕೈ ಬೀಸಿ ಸಕ್ಕರೆ ಕಲಕಿದರು.

ಅಮೆರಿಕದ ಸ್ವಾತಂತ್ರ್ಯ ದೇವತೆಯ ಪ್ರತಿಮೆ ಕಂಡು ಬಂದ ಎನ್.ಟಿ. ರಾಮರಾವ್, ತಮ್ಮ ರಾಜಧಾನಿಗೂ ಅಂಥದ್ದೊಂದು ಬೇಕೆಂದು ಹಟ ಹಿಡಿದಿದ್ದರು. 1985ರಲ್ಲಿ ಕೆಲಸ ಶುರುವಾಯಿತು. ಗಣಪತಿ ಸ್ಥಪತಿಯವರ ಕೈಕೆಳಗೆ ಇನ್ನೂರರಷ್ಟು ಶಿಲ್ಪಿಗಳು ಕೂತು 58 ಅಡಿಯ ಏಕಶಿಲೆಯನ್ನು ಕಡೆದರು. ತೂಕ ಮುನ್ನೂರು ಟನ್ನಿಗೂ ಹೆಚ್ಚು. ಅದನ್ನು ಸಾಗಿಸಲು ನಗರದ ರಸ್ತೆಗಳನ್ನು ಅಗಲ ಮಾಡಬೇಕಾಯಿತು. ನನಗೆ ವಾಪಸ್ಸಿಗೆ ಆರ್‌ಟಿಸಿ ಬಸ್ಸು ಸಾಕಾಯಿತು: ಉಪ್ಪಲ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೊ, ಅಮೀರ್‌ಪೇಟೆಯಲ್ಲಿ ಬದಲಿಸಿ ಖೈರತಾಬಾದ್, ಅಲ್ಲಿಂದ ಲುಂಬಿನಿ ಪಾರ್ಕಿಗೆ ಆಟೊ.

ಈ ಕೆರೆ ಊರಿಗಿಂತ ಹಳೆಯದು. ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, 1560ರ ದಶಕದಲ್ಲಿ ಕಟ್ಟಿದ್ದು. ಹೈದರಾಬಾದ್ ಹುಟ್ಟಿದ್ದು 1591ರಲ್ಲಿ. ಅದರ ಏರಿಯೇ ಟ್ಯಾಂಕ್ ಬಂಡ್. ಆ 'ಬಂಡ್' ಇಂಗ್ಲಿಷಿನದೆಂದು ತಿಳಿಯಬೇಡಿ, ಪಾರಸಿಯ 'ಬಂದ್' ಅದು, ಕಟ್ಟಿದ್ದು ಎಂದರ್ಥ.

1989ರ ಕೊನೆಗೆ ರಾಮರಾವ್ ಚುನಾವಣೆ ಸೋತರು. 1990ರ ಮಾರ್ಚಿನಲ್ಲಿ ಪ್ರತಿಮೆಯನ್ನು ನಡುಗೆರೆಯ ಕಟ್ಟೆಗೆ ಸಾಗಿಸುವಾಗ ಅದು ಜಾರಿ ನೀರಿಗೆ ಬಿತ್ತು. ಹತ್ತು ಜನ ಸತ್ತರು. ಬುದ್ಧ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕೆರೆಯ ತಳದಲ್ಲಿ ಮಲಗಿದ್ದ. 1992ರ ಡಿಸೆಂಬರ್ 1ರಂದು ಅವನನ್ನು ಎತ್ತಿದರು, ಆಮೇಲೆ ಜಿಬ್ರಾಲ್ಟರ್ ಬಂಡೆ ಎಂದು ಕರೆಯುವ ಕಟ್ಟೆಯ ಮೇಲೆ ನಿಲ್ಲಿಸಿದರು. ಆಗಲೂ ರಾಮರಾವ್ ಮುಖ್ಯಮಂತ್ರಿಯಲ್ಲ. 2006ರಲ್ಲಿ ದಲಾಯಿ ಲಾಮಾ ಬಂದು ಪ್ರತಿಷ್ಠಾಪನೆಯ ವಿಧಿ ನಡೆಸಿದರು.

ಅನುವಾದ ನನ್ನ ಹೊಟ್ಟೆಪಾಡು, ಹಾಗಾಗಿ ಕಣ್ಣು ಮೊದಲು ಕರ್ತೃಪದದ ಮೇಲೆ ಹೋಗುತ್ತದೆ. ಈ ಕಥೆಯನ್ನು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಕೇಳಿದ್ದೇನೆ. ಎಲ್ಲ ಕಡೆಯೂ ಬೀಳುವವನು ಬುದ್ಧ, ಏಳುವವನು ಬುದ್ಧ. ಆ ಹತ್ತು ಮಂದಿ ವಾಕ್ಯದ ಬಾಲದಲ್ಲಿ ಬರುತ್ತಾರೆ, ಅದೂ ಅಂಕಿಯಾಗಿ. ಮೇಲೆ ನಾನು ಬರೆದದ್ದನ್ನೇ ನೋಡಿ. ತಿದ್ದಲು ಹೋದೆ: 'ಹತ್ತು ಜನ ಕೆಲಸದ ಹೊತ್ತಿನಲ್ಲಿ ಮುಳುಗಿ ಸತ್ತರು, ಅವರು ಸಾಗಿಸುತ್ತಿದ್ದ ಕಲ್ಲೂ ಮುಳುಗಿತು.' ಆದರೆ ಅವರು ತೆಪ್ಪದ ಮೇಲೆ ಏನು ಮಾಡುತ್ತಿದ್ದರೆಂದು ತಿಳಿಯದೆ 'ಸಾಗಿಸುತ್ತಿದ್ದ' ಎಂದು ಹೇಗೆ ಬರೆಯುವುದು? ಹೊಡೆದುಹಾಕಿದೆ.

ದೋಣಿಯಲ್ಲಿ ಪಕ್ಕ ಕೂತಿದ್ದ ಹೆಂಗಸಿಗೆ ವಿಷಯ ಹೇಳಿದೆ. 'ಅಯ್ಯೋ, ಎಲ್ಲಿ?' ಎಂದು ಬಗ್ಗಿ ನೀರು ನೋಡಿದರು. ದಡದಿಂದ ನೂರು ಮೀಟರೂ ಹೋಗಿರಲಿಲ್ಲ ಆ ತೆಪ್ಪ. ನಮ್ಮ ದೋಣಿ ಆಗಲೇ ಅದಕ್ಕಿಂತ ಮುಂದೆ ಬಂದಿತ್ತು.